ಹಡಗುಮುಳ್ಳಿನ ನೆರಳು

ನಾನು ಈ ದ್ವೀಪಕ್ಕೆ ಬಂದದ್ದು ಹಡಗಿನಲ್ಲಿ. ಇಲ್ಲಿಗೆ ಬೇರೆ ದಾರಿಯೇ ಇಲ್ಲ, ಹಾಗಾಗಿ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಇಲ್ಲಿನ ಗುಡ್ಡಗಳನ್ನು ಬುಡದಿಂದ ನೆತ್ತಿಯವರೆಗೆ ಆವರಿಸಿಕೊಂಡಿರುವ ಮುಳ್ಳಿನ ಪೊದೆಯೂ ಹಡಗಿನಲ್ಲೇ ಬಂದದ್ದು. ಹಿಂದೆ ಯಾರೋ ಪುಣ್ಯಾತ್ಮ ಮೇಕೆದೊಡ್ಡಿಗೆ ಬೇಲಿಯಾಗಲಿ ಎಂದು ತಂದು ನೆಟ್ಟನಂತೆ. ಮೇಕೆಗಳೂ ದೊಡ್ಡಿಯಲ್ಲಿ ನಿಲ್ಲಲಿಲ್ಲ, ಬೇಲಿಯೂ ನಿಲ್ಲಲಿಲ್ಲ. ಹಡಗಿನಲ್ಲಿ ಬಂದ ಮುಳ್ಳಾದ್ದರಿಂದ ಅದು ಹಡಗುಮುಳ್ಳು. ಮದುವೆಯಾಗಿ ಹೆಂಡತಿಯ ಊರಿಗೇ ಬಂದು ಬೇರುಬಿಟ್ಟ ನನಗೂ ಮಾವನ ತಂಡದವರು ಅದೇ ಹೆಸರಿಟ್ಟರು. ಮೊದಲ ವರ್ಷ ನಕ್ಕೆ. ಮರುವರ್ಷ ಸುಮ್ಮನಿದ್ದೆ. ಆಮೇಲೆ ಹಾಗೆ ಕರೆದವರ ಗರಗಸವನ್ನು ಬೇಕೆಂತಲೇ ಕೊನೆಗೆ ರಿಪೇರಿ ಮಾಡತೊಡಗಿದೆ. ಆದರೂ ಹೆಸರು ಹೋಗಲಿಲ್ಲ.

ರಿಪೇರಿಯೇ ನನ್ನ ಕೆಲಸ. ಮೋಟಾರು ಗರಗಸ, ಕೈಗರಗಸ, ಮಚ್ಚು, ನೀರಿನ ಪಂಪು, ನರ್ಸರಿಯ ನಲ್ಲಿ, ಯಾವುದು ಕೆಟ್ಟರೂ ನನ್ನ ಶೆಡ್ಡಿಗೆ ಬರುತ್ತದೆ. ಮಾವ ಆಗ ಮುಳ್ಳು ಕಡಿಯುವ ತಂಡದ ಮೇಸ್ತ್ರಿ. ಅತ್ತೆ ನರ್ಸರಿಯನ್ನು ನೋಡಿಕೊಳ್ಳುವವರು. ನಮ್ಮ ಮೂವರಿಗೂ ಸಂಬಳ ಕೊಡುತ್ತಿದ್ದದ್ದು ಒಂದೇ ಕಚೇರಿ, ದ್ವೀಪದ ಮೂಲದ ಗಿಡಮರಗಳನ್ನು ಉಳಿಸುವುದಕ್ಕೆಂದೇ ಇರುವ ಕಚೇರಿ. ಮಾವ ಕಡಿದು ಖಾಲಿ ಮಾಡಿದ ಜಾಗಕ್ಕೆ ಅತ್ತೆ ಬೆಳೆಸಿದ ಸಸಿಗಳು ಹೋಗುತ್ತಿದ್ದವು. ‘ಇವರು ಗುಡ್ಡದ ತಲೆ ಬೋಳಿಸಿ ಬರ್ತಾರೆ, ನಾನು ಕೂತ್ಕೊಂಡು ಕೂದಲು ನೆಡ್ತೀನಿ’ ಎನ್ನುವುದು ಅತ್ತೆಯ ಹಳೆಯ ಜೋಕು. ಮಾವ ಅದನ್ನು ಪ್ರತಿಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಕಡಿಯುವುದೆಂದರೆ ಸುಮ್ಮನೆ ಮಚ್ಚು ಬೀಸುವುದಲ್ಲ. ಹಡಗುಮುಳ್ಳನ್ನು ನೆಲಮಟ್ಟದಲ್ಲಿ ಕೊಯ್ದು, ಕೊಯ್ದ ಗಾಯ ಒಣಗುವ ಮೊದಲೇ ಬುಡಕ್ಕೆ ಔಷಧಿ ಬಳಿಯಬೇಕು. ಇಲ್ಲದಿದ್ದರೆ ಒಂದಿದ್ದದ್ದು ನಾಲ್ಕಾಗಿ ಚಿಗುರುತ್ತದೆ. ಔಷಧಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಯಾವ ಬುಡಕ್ಕೆ ಬಳಿದಾಯಿತು ಎಂದು ಗೊತ್ತಾಗಲಿ ಅಂತ. ಕೊಲ್ಲುವ ವಸ್ತುವಿಗೂ ಔಷಧಿ ಅನ್ನುವ ಜನ ನಾವು. ಮಾವನ ಉಗುರುಸಂದಿಯಲ್ಲಿ ಆ ನೀಲಿ ಯಾವಾಗಲೂ ಇರುತ್ತಿತ್ತು, ನನ್ನ ಮದುವೆಯ ಫೋಟೋದಲ್ಲೂ ಇದೆ.

ಕಡಿದದ್ದರಲ್ಲಿ ನೆಟ್ಟಗಿರುವ ಕೊಂಬೆಗಳನ್ನು ಎಲೆ ಸವರಿ, ಮುಳ್ಳು ಕೆತ್ತಿ, ಕಟ್ಟು ಕಟ್ಟಿ ನರ್ಸರಿಗೆ ಇಳಿಸುತ್ತಾರೆ. ಎಳೆಯ ಸಸಿಗಳಿಗೆ ಅವೇ ಆಸರೆಕೋಲು. ಸಾಮಾನ್ಯವಾಗಿ ಅವು ತಗಡಿನ ಚಾವಣಿಯ ಕೆಳಗೆ ಒಂದು ಬೇಸಿಗೆ ಕಳೆದು, ಒಣಗಿ ಸೌದೆಯಾದ ಮೇಲೆ ಕುಂಡಕ್ಕೆ ಹೋಗುತ್ತವೆ. ಹಸಿಕೋಲು ಊರಿದರೆ ಅದೇ ಚಿಗುರಿಬಿಡುತ್ತದೆ. ಸಸಿಗೆ ಆಸರೆಯಾಗಿ ಬಂದದ್ದು ಸಸಿಯ ಅನ್ನವನ್ನೇ ತಿನ್ನತೊಡಗುತ್ತದೆ. ಅದಕ್ಕೇ ನರ್ಸರಿಯಲ್ಲಿ ಅತ್ತೆಯದೊಂದು ಕಟ್ಟಪ್ಪಣೆ ಇತ್ತು. ಕೋಲಿನಲ್ಲಿ ಕಣ್ಣು ಉಬ್ಬಿದ್ದು ಕಂಡರೆ ಯೋಚನೆ ಮಾಡಬಾರದು, ಕಿತ್ತು ಗೇಟಿನ ಪಕ್ಕದ ಡ್ರಮ್ಮಿಗೆ ಹಾಕಬೇಕು. ಡ್ರಮ್ಮಿಗೆ ಸಂಜೆ ಬೆಂಕಿ. ಅತ್ತೆ ಒಂದು ಕೈಯಲ್ಲಿ ಪೈಪು ಹಿಡಿದು ನೀರು ಬಿಡುತ್ತಲೇ ಇನ್ನೊಂದು ಕೈಯಲ್ಲಿ ಕೋಲು ಕೀಳುತ್ತಿದ್ದರು.

ಇನ್ನು ಬೂದಿಮರದ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೆ ಅದನ್ನು ಬಿಟ್ಟರೆ ಕಥೆಯೇ ಇಲ್ಲ.

ಬೂದಿಮರ ಈ ದ್ವೀಪದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇಲ್ಲೂ ನಮಗೆ ಗೊತ್ತಿದ್ದದ್ದು ಒಂದೇ. ಸಮುದ್ರದ ಕಡೆಯ ಬಂಡೆಯ ಅಂಚಿನಲ್ಲಿ, ಮೇಕೆಗಳ ಬಾಯಿ ಎಟುಕದ ಒಂದು ಚಾಚಿನ ಮೇಲೆ, ಗಾಳಿಗೆ ಬೆನ್ನು ಬಗ್ಗಿಸಿಕೊಂಡು ನಿಂತಿತ್ತು. ತಂಡದವರು ಅದನ್ನು ಮುದುಕಿ ಎನ್ನುತ್ತಿದ್ದರು. ಎಲೆ ಉಗುರಿನಷ್ಟು, ದಪ್ಪ, ಮೇಲೆಲ್ಲ ಬೂದಿ ಸುರಿದಂಥ ಬಣ್ಣ. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಈ ಜಾತಿಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ನಮ್ಮ ಮುದುಕಿ ಹೆಣ್ಣು. ವರ್ಷವರ್ಷವೂ ಹೂ ಬಿಡುತ್ತಿತ್ತು, ಕಾಯಿಯನ್ನೂ ಕಟ್ಟುತ್ತಿತ್ತು, ಒಳಗೆ ನೋಡಿದರೆ ಬರೀ ಜೊಳ್ಳು. ಅತ್ತೆ ಆ ಜೊಳ್ಳನ್ನೇ ತಂದು, ಜರಡಿ ಹಿಡಿದ ಮಣ್ಣಿನಲ್ಲಿ ಬಿತ್ತಿ, ಮೊಳೆಯುವುದಿಲ್ಲ ಎಂದು ಗೊತ್ತಿದ್ದೂ ನೀರು ಹಾಕುತ್ತಿದ್ದರು. ಯಾಕೆ ಎಂದು ನಾನೊಮ್ಮೆ ಕೇಳಿದೆ. ಒಂದಾದರೂ ಕಣ್ತಪ್ಪಿ ಗಟ್ಟಿಯಾಗಿದ್ದರೆ ಎಂದರು. ಅಂಥ ಹೆಂಗಸು.

ಒಂದು ಬಿರುಗಾಳಿಗೆ ಮುದುಕಿಯ ಬುಡ ಸೀಳಿತು. ಕಚೇರಿಯ ಸಸ್ಯತಜ್ಞೆ ಬಂದು ನೋಡಿ, ಇನ್ನು ಕೆಲವೇ ವರ್ಷ ಎಂದರು. ಅವರು ಯಾವಾಗಲೂ ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡಿರುವುದರಿಂದ ಎಲ್ಲರಿಗೂ ಲೆನ್ಸ್ ಮೇಡಂ. ಒಳ್ಳೆಯವರು, ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳುವವರಲ್ಲ. ಎಲ್ಲಾದರೂ ಒಂದು ಗಂಡು ಮರ ಉಳಿದಿದ್ದರೆ ಮಾತ್ರ ಈ ಜಾತಿಗೆ ಮುಂದಿನ ಪೀಳಿಗೆ, ಇಲ್ಲದಿದ್ದರೆ ಇಲ್ಲಿಗೆ ಮುಗಿಯಿತು ಎಂದರು. ಅಂದಿನಿಂದ ಅತ್ತೆಗೆ ಅದೊಂದೇ ಧ್ಯಾನ. ಊಟ ಬಡಿಸುವಾಗಲೂ, ಆ ಕಡೆ ಗುಡ್ಡ ನೋಡಿದ್ರಾ, ಈ ಕಡೆ ಚಾಚು ನೋಡಿದ್ರಾ ಎಂದು ಮಾವನನ್ನು ಕೇಳುತ್ತಿದ್ದರು. ಮಾವ ಹಗ್ಗ ಕಟ್ಟಿಕೊಂಡು ಎಲ್ಲ ಬಂಡೆಗಳನ್ನೂ ಇಳಿದು ನೋಡಿದರು. ಬೂದಿಬಣ್ಣ ಎಲ್ಲೂ ಕಾಣಲಿಲ್ಲ.

ಆ ಸಲದ ಕೆಲಸ ಮುಗಿದರೆ ಮಾವನಿಗೆ ನಿವೃತ್ತಿ. ಕಡಿಯಲು ಉಳಿದದ್ದು ದಕ್ಷಿಣದ ಕೊರಕಲು ಒಂದೇ. ಎರಡು ಗುಡ್ಡದ ನಡುವಿನ ಆಳವಾದ ಇಳಿಜಾರು, ನೀರಿನ ಪಸೆ ಇರುವ ಜಾಗ, ತುಂಬ ಹಡಗುಮುಳ್ಳು. ಅದನ್ನು ಬಿಡಿಸಿ ನಿನ್ನ ಕೈಗೆ ಕೊಟ್ಟೇ ಮನೆಯಲ್ಲಿ ಕೂರುತ್ತೇನೆ, ಬೂದಿಮರದ ಸಸಿ ಆದ ದಿನ ಅಲ್ಲಿ ನೆಡುವಿಯಂತೆ ಎಂದು ಮಾವ ಅತ್ತೆಗೆ ಮಾತು ಕೊಟ್ಟಿದ್ದರು. ಮಾವ ಮಾತು ಕೊಡುವುದು ಅಪರೂಪ. ಹೀಗಾಗಿ ಆ ಕೊರಕಲಿನಲ್ಲಿ ಅವರು ತಂಡದವರಿಗಿಂತ ಮುಂದೆ ಹೋಗಿ ಕಡಿಯುತ್ತಿದ್ದರು.

ಆ ದಿನ ನಾನೂ ಅಲ್ಲಿದ್ದೆ. ಮೋಟಾರು ಗರಗಸದ ಸರಪಳಿ ಕಳಚಿತ್ತು, ಶೆಡ್ಡಿಗೆ ಹೊತ್ತು ತರುವುದು ಬೇಡವೆಂದು ನಾನೇ ಅಲ್ಲಿಗೆ ಹೋಗಿದ್ದೆ. ಮುಳ್ಳಿನ ಒಳಗಿಂದ ಮಾವ ಕೂಗಿದರು. ನುಸುಳಿಕೊಂಡು ಹೋದೆ, ಅಂಗಿ ಹರಿಯಿತು, ಬಾಯಿಗೆ ಬಂದದ್ದನ್ನು ಬೈದುಕೊಂಡೆ. ಪೊದೆಗಳ ಮಧ್ಯೆ ಒಂದು ಮರ. ಎತ್ತರವೇನಿಲ್ಲ, ತೋಳಿನ ಗಾತ್ರದ ಕಾಂಡ, ನೆಟ್ಟಗೆ ಬೆಳೆದ ಕೊಂಬೆಗಳು, ಮುಳ್ಳಿಲ್ಲ. ಎಲೆ ಅಂಗೈ ಅಗಲ, ತೆಳು, ಹಚ್ಚಹಸಿರು. ಮಾವ ಅವಸರ ಮಾಡಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಎಲೆಯನ್ನು ತಿರುಗಿಸಿ ನೋಡಿದರು, ಉಜ್ಜಿದರು, ಮೂಸಿದರು, ತುದಿ ಕಚ್ಚಿ ಉಗುಳಿದರು. ಆ ಕೊರಕಲಿನ ಮೇಲೆ ಹಿಂದೆ ಯಾರೋ ಬಿಟ್ಟುಹೋದ ಮನೆಯೊಂದಿದೆ. ಅದರ ಕೈತೋಟದ ಗಿಡಗಳು ದಿಕ್ಕುದೆಸೆಯಿಲ್ಲದೆ ಹಬ್ಬಿ ಕೊರಕಲಿಗೂ ಇಳಿದಿದ್ದವು. ತಂಡಕ್ಕೆ ಅವನ್ನೂ ಕಡಿಯುವ ಅಪ್ಪಣೆಯಿತ್ತು.

“ಇದು ತೋಟದ್ದು ಕಣ್ರೀ ಅಳಿಯಂದ್ರೆ, ಓಡ್ಬಂದು ಇಲ್ಲಿ ಅಡಗಿಕೊಂಡಿದೆ,” ಎಂದರು ಮಾವ. “ಕೊಂಬೆ ಹಿಡ್ಕೊಳ್ಳಿ.”

ಅನುಮಾನ ಬಂದರೆ ಮೇಡಂಗೆ ತೋರಿಸಬೇಕು ಎಂಬ ನಿಯಮ ಇತ್ತು. ಅನುಮಾನ ಬರಬೇಕಲ್ಲ. ಮಾವನಿಗೆ ಬೂದಿಮರ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ, ಅದರ ಎಲೆಯನ್ನು ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಆದರೆ ಅವರು ಕಂಡದ್ದೆಲ್ಲ ಬಂಡೆಯ ಮೇಲೆ, ಸುಡುಬಿಸಿಲಿನಲ್ಲಿ, ಉಪ್ಪುಗಾಳಿಯಲ್ಲಿ ನಿಂತ ಮುದುಕಿಯ ಎಲೆಯನ್ನು. ಅದೇ ಜಾತಿ ನೆರಳಿನಲ್ಲಿ, ತಂಪಿನಲ್ಲಿ, ಮುಳ್ಳಿನ ಮರೆಯಲ್ಲಿ ಬೆಳೆದರೆ ಎಲೆ ಅಗಲಿಸಿ ಬೂದಿಯನ್ನೇ ಬಿಟ್ಟುಬಿಡುತ್ತದೆ ಎಂದು ಯಾರೂ ಕಂಡವರಿರಲಿಲ್ಲ. ಮಾವ ಕೈಗರಗಸದಿಂದ ಕೊಯ್ದರು. ಗರಗಸ ಚೆನ್ನಾಗಿ ಹೋಯಿತು, ಅದನ್ನು ಹರಿತ ಮಾಡಿದವನು ನಾನು. ಅದು ನನ್ನ ಕೆಲಸ, ಅದರಲ್ಲಿ ನನ್ನ ತಪ್ಪಿಲ್ಲ. ಮಾವ ಬ್ರಷ್ಷು ಅದ್ದಿ ಬುಡಕ್ಕೆ ನೀಲಿ ಬಳಿದರು, ಎಂದಿನಂತೆ ಅಂಚನ್ನೂ ಬಿಡದೆ, ಅಚ್ಚುಕಟ್ಟಾಗಿ.

ಕೊಂಬೆಗಳು ಚೆನ್ನಾಗಿದ್ದವು. ಮುಳ್ಳು ಕೆತ್ತುವ ಕೆಲಸವೂ ಇರಲಿಲ್ಲ. ಒಂದು ಕಟ್ಟಾಯಿತು. ಆ ವರ್ಷ ನರ್ಸರಿಯಲ್ಲಿ ಸಸಿ ಜಾಸ್ತಿಯಾಗಿ, ಒಣಗಿದ ಕೋಲು ಮುಗಿದುಹೋಗಿತ್ತು. ಒಂದು ಗಾಳಿ ಬೀಸಿದರೆ ಸಸಿಗಳೆಲ್ಲ ಮಲಗುತ್ತವೆ ಎಂದು ಅತ್ತೆ ಪರದಾಡುತ್ತಿದ್ದರು. ಮಾವ ಹಸಿ ಕಟ್ಟುಗಳನ್ನೇ ಇಳಿಸಿದರು. ಅತ್ತೆ ಗೊಣಗುತ್ತಲೇ ಊರಿಸಿದರು. ಹಡಗುಮುಳ್ಳಿನ ಕೋಲೂ ಈ ಕೋಲೂ ಬೆರೆತುಹೋದವು. ಎಲೆ ಸವರಿದ ಮೇಲೆ ಕೋಲು ಕೋಲೇ. ಕೆಲವೇ ದಿನಕ್ಕೆ ಅಲ್ಲೊಂದು ಇಲ್ಲೊಂದು ಕಣ್ಣು ಉಬ್ಬತೊಡಗಿತು. ಡ್ರಮ್ಮಿನಲ್ಲಿ ದಿನಾ ಸಂಜೆ ಬೆಂಕಿ ಉರಿಯಿತು. ಅದರ ಪಕ್ಕ ನಿಂತು ನಾನೂ ಎಷ್ಟೋ ಸಲ ಚಹಾ ಕುಡಿದಿದ್ದೇನೆ.

ಒಂದು ಬೆಳಿಗ್ಗೆ ಅತ್ತೆ ಮಣ್ಣಿನ ಚೀಲ ತರಲು ಬಂದರಿಗೆ ಹೋಗಿದ್ದರು. ನೀರಿನ ಟ್ಯಾಂಕಿನ ಹಿಂದಿನ ನಲ್ಲಿ ಸೋರುತ್ತಿದೆ ಎಂದು ನನಗೆ ಹೇಳಿಹೋಗಿದ್ದರು. ವಾಷರ್ ಬದಲಾಯಿಸಲು ಬಗ್ಗಿದೆ. ಟ್ಯಾಂಕಿಗೂ ಗೋಡೆಗೂ ನಡುವೆ ಯಾವುದೋ ಮೂಲೆಗೆ ಬಿದ್ದ ಕುಂಡ, ಅದರಲ್ಲಿ ಸಸಿ ಸತ್ತು ಕೋಲು ಮಾತ್ರ ನಿಂತಿತ್ತು. ಅತ್ತೆಯ ಕೈಗೆ ಸಿಗದೆ ಉಳಿದದ್ದು. ಸಂದಿಯಿಂದ ನೆಟ್ಟಗೆ ಬಿಸಿಲು ಬೀಳುವ ಜಾಗ. ಕೋಲು ಚಿಗುರಿತ್ತು. ನಿಯಮದಂತೆ ಕೀಳಲು ಕೈಹಾಕಿದೆ. ಬೆರಳಿಗೆ ಬೂದಿ ಹತ್ತಿತು.

ನಾನು ಹೊರಗಿನಿಂದ ಬಂದವನಾದರೂ ಆ ಎಲೆ ಗೊತ್ತು. ಅತ್ತೆಯ ಅಡುಗೆಮನೆಯ ಗೋಡೆಯಲ್ಲಿ ಮುದುಕಿಯ ಒಂದು ರೆಂಬೆಗೆ ಗಾಜು ಹಾಕಿಸಿ ತೂಗುಬಿಟ್ಟಿದ್ದಾರೆ, ಬೇರೆಯವರು ಮಕ್ಕಳ ಫೋಟೋ ಹಾಕುವ ಜಾಗದಲ್ಲಿ. ನನ್ನ ಹೆಂಡತಿಗೆ ಅದರ ಮೇಲೆ ಇಂದಿಗೂ ಸಣ್ಣ ಹೊಟ್ಟೆಕಿಚ್ಚು. ಕೋಲನ್ನು ನೋಡಿದೆ. ಮುಳ್ಳು ಕೆತ್ತಿದ ಗುರುತಿಲ್ಲ. ಕೊರಕಲಿನಲ್ಲಿ ಕೊಂಬೆ ಹಿಡಿದುಕೊಂಡಿದ್ದು ನೆನಪಾಯಿತು. ನಲ್ಲಿ ಸೋರುತ್ತಲೇ ಇತ್ತು, ಹಾಗೇ ಬಿಟ್ಟು ಮಾವನನ್ನು ಕರೆದುಕೊಂಡು ಬಂದೆ.

ಮಾವ ನೋಡಿದರು. ಬೋರಲು ಹಾಕಿದ್ದ ಒಂದು ಕುಂಡದ ಮೇಲೆ ಕೂತರು. ಬಹಳ ಹೊತ್ತು ತಮ್ಮ ಉಗುರನ್ನೇ ನೋಡಿಕೊಂಡರು. ಆಮೇಲೆ ಕುಂಡವನ್ನು ಸಂದಿಯಿಂದ ಎತ್ತಿ, ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೆರಳುಪರದೆಯ ಕೆಳಗೆ ಇಟ್ಟರು. ಅತ್ತೆಗೆ ಹೇಗೆ ಹೇಳುವುದು ಎಂದು ಕೇಳಿದೆ. ಹೇಳದೆ ಹೇಗೆ ಇರುವುದು ಎಂದರು. ಅಷ್ಟರಲ್ಲಿ ಗೇಟಿನ ಬಳಿ ಗಾಡಿಯ ಸದ್ದಾಯಿತು.

ಅತ್ತೆ ಚೀಲ ಇಳಿಸಲು ನನ್ನನ್ನು ಕರೆಯುತ್ತ ಬಂದವರು ಕುಂಡವನ್ನು ಕಂಡರು. ಎಷ್ಟು ದೂರದಿಂದ ಕಂಡರೋ ದೇವರಿಗೇ ಗೊತ್ತು. ಬಂದವರೇ ಮಂಡಿಯೂರಿದರು. ಎಲೆಯ ಮೇಲೆ ಒಂದು ಬೆರಳಿಟ್ಟು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಶಾಲೆ ಬಿಟ್ಟ ಹುಡುಗಿಯ ಹಾಗೆ ನಕ್ಕರು. ಅಂತೂ ಹುಡುಕಿಬಿಟ್ರಲ್ಲ, ನನಗೆ ಹೇಳದೆ ರೆಂಬೆ ತಂದು ಊರಿ ಆಟ ಆಡ್ತಿದ್ದೀರಲ್ಲ ಎಂದು ಮಾವನ ತೋಳಿಗೆ ಮೆಲ್ಲಗೆ ಹೊಡೆದರು. ಗಂಡೋ ಹೆಣ್ಣೋ, ಯಾವ ಕಡೆ ಇದೆ, ಮರ ಎಷ್ಟು ದೊಡ್ಡದು, ನನ್ನ ಈಗಲೇ ಕರ್ಕೊಂಡು ಹೋಗಿ ಎಂದು ಒಂದೇ ಸಮನೆ ಕೇಳಿದರು.

ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಮಾವ ಸುಳ್ಳು ಹೇಳಲಿ, ಒಂದು ದಿನದ ಮಟ್ಟಿಗಾದರೂ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಮನುಷ್ಯನಿಗೆ ಅದು ಬರುತ್ತಿರಲಿಲ್ಲ.

“ಮರ ಇಲ್ಲ ಕಣೇ,” ಎಂದರು. “ಕೊರಕಲಲ್ಲಿ ನಾನೇ ಕಡಿದೆ. ತೋಟದ ಗಿಡ ಅಂದ್ಕೊಂಡೆ. ನೀಲಿನೂ ಬಳಿದೆ.”

ಅತ್ತೆ ಎದ್ದು ನಿಲ್ಲಲಿಲ್ಲ. ಬೆರಳಿಗೆ ಹತ್ತಿದ ಬೂದಿಯನ್ನು ಒರೆಸಿಕೊಳ್ಳಲೂ ಇಲ್ಲ. ಆ ಮರದಿಂದ ಎಷ್ಟು ಕೋಲು ಬಂದಿತ್ತು ಎಂದು ಕೇಳಿದರು. ಒಂದು ಕಟ್ಟು ಎಂದರು ಮಾವ. ಅತ್ತೆ ತಿರುಗಿ ಗೇಟಿನ ಕಡೆ ನೋಡಿದರು. ಅಲ್ಲಿ ಡ್ರಮ್ಮು ಇತ್ತು.

“ಹಾಗಾದ್ರೆ ನೀವು ಒಂದ್ಸಲ ಕಡಿದ್ರಿ,” ಎಂದರು. “ನಾನು ದಿನಾ ಸುಟ್ಟೆ. ಪಾಪ, ಕಣ್ಣು ಬಿಡೋಕೂ ಬಿಡಲಿಲ್ಲ ನಾನು.”

ಅವರು ಮಾವನನ್ನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಆ ದಿನ ಮಣ್ಣಿನ ಚೀಲಗಳು ಗಾಡಿಯಲ್ಲೇ ಉಳಿದವು.

ಲೆನ್ಸ್ ಮೇಡಂ ಮಧ್ಯಾಹ್ನ ಬಂದರು. ಕೋಲಿನ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕ ಮೊಗ್ಗುಗಳಿದ್ದವು. ಅವರು ಭೂತಗನ್ನಡಿ ಹಿಡಿದು ಬಗ್ಗಿದಾಗ, ಹೆಣ್ಣಾಗಿರಲಿ ದೇವರೇ ಎಂದುಕೊಂಡೆ. ಹೆಣ್ಣಾಗಿದ್ದರೆ ಇನ್ನೊಂದು ಮುದುಕಿ, ಹೋದರೆ ಹೋಯಿತು, ಇದ್ದರೂ ಜೊಳ್ಳೇ ಕೊಡುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೇಡಂ ತಲೆ ಎತ್ತದೆಯೇ, ಗಂಡು ಎಂದರು. ಅತ್ತೆ ಅಷ್ಟೇ ಮೆಲ್ಲಗೆ, ಗೊತ್ತಿತ್ತು ಎಂದರು.

ಆಮೇಲೆ ನಡೆದದ್ದನ್ನು ಉದ್ದ ಮಾಡುವುದಿಲ್ಲ. ಕುಂಡಕುಂಡವನ್ನೂ ತಡಕಿದೆವು, ಆ ಕಟ್ಟಿನದು ಇನ್ನೊಂದು ಕೋಲು ಸಿಗಲಿಲ್ಲ. ಅತ್ತೆ ಕೋಲನ್ನು ಮೆಲ್ಲಗೆ ಎಬ್ಬಿಸಿ ನೋಡಿದರು, ಕೆಳಗೆ ಒಂದು ಎಳೆ ಬೇರೂ ಇರಲಿಲ್ಲ. ಒಳಗೆ ಉಳಿದಿದ್ದ ರಸದಲ್ಲೇ ಚಿಗುರಿತ್ತು ಅದು. ಬೇರು ಬರಿಸುವ ಪುಡಿ ಹಚ್ಚಿದರು, ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಒಂದು ತುದಿ ಕತ್ತರಿಸಿ ಬೇರೆ ಮಣ್ಣಿಗೆ ಹಾಕಿ ನೋಡಿದರು. ನನ್ನಿಂದ ಮಂಜು ಚಿಮ್ಮುವ ಒಂದು ಪಂಪು ಮಾಡಿಸಿಕೊಂಡರು, ನಾನು ಇಷ್ಟು ಶ್ರದ್ಧೆಯಿಂದ ಯಾವ ಯಂತ್ರವನ್ನೂ ಮಾಡಿರಲಿಲ್ಲ. ಎಲೆ ಒಂದೊಂದಾಗಿ ಕಳಚಿತು. ಉದುರುವ ಮೊದಲು ಕೆಲವು ಮೊಗ್ಗು ಅರಳಿದವು. ಮೇಡಂ ಆ ಹೂಗಳ ಪರಾಗದ ಹುಡಿಯನ್ನು ಸಣ್ಣ ಸೀಸೆಯಲ್ಲಿ ಹಿಡಿದು ಕಚೇರಿಯ ಫ್ರಿಜ್ಜಿನಲ್ಲಿ ಇಟ್ಟರು. ಮುದುಕಿ ಹೂ ಬಿಡಲು ಇನ್ನೂ ಕಾಲವಿತ್ತು. ಅದು ಹೂ ಬಿಟ್ಟಾಗ ಮಾವ ಆ ವಯಸ್ಸಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಇಳಿದರು, ಬೇರೆಯವರಿಗೆ ಬಿಡಲಿಲ್ಲ. ಎಳೆಕೂದಲಿನ ಒಂದು ಹೊಸ ಬ್ರಷ್ಷಿನಿಂದ ಹೂವುಹೂವಿಗೂ ಮುಟ್ಟಿಸಿ ಬಂದರು. ಕಾಯಿ ಕಟ್ಟಿತು. ಅತ್ತೆ ಬಿತ್ತುವ ಮೊದಲು ಒಂದನ್ನೂ ಒಡೆದು ನೋಡಲಿಲ್ಲ, ಎಲ್ಲವನ್ನೂ ಬಿತ್ತಿದರು. ಯಾವುದೂ ಮೊಳೆಯಲಿಲ್ಲ. ಫ್ರಿಜ್ಜಿನ ತಂಪಿನಲ್ಲಿ ಹುಡಿ ಯಾವಾಗಲೋ ಸತ್ತಿರಬೇಕು ಎಂದು ಮೇಡಂ ಹೇಳಿದರು.

ಕೊರಕಲಿನ ಕೆಲಸವನ್ನು ಕಚೇರಿ ಅಲ್ಲಿಗೇ ನಿಲ್ಲಿಸಿತು. ಅರ್ಧ ಬೋಳು, ಅರ್ಧ ಮುಳ್ಳು. ಮಾವ ಉಳಿದ ಮುಳ್ಳಿನೊಳಗೆ ಹೊಟ್ಟೆಯ ಮೇಲೆ ತೆವಳಿ ಇನ್ನೊಂದು ಬೂದಿಮರಕ್ಕಾಗಿ ಹುಡುಕತೊಡಗಿದರು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಬ್ರೆಡ್ಡು ಕಟ್ಟಿಸಿಕೊಂಡು ಹೋದರೆ ಸಂಜೆ ಮೈಯೆಲ್ಲ ಗೀರು ಹಾಕಿಸಿಕೊಂಡು ಬರುವುದು. ಅಪ್ಪನನ್ನು ತಡೆಯಿರಿ ಎಂದು ಹೆಂಡತಿ ನನ್ನ ತಲೆ ತಿಂದಳು. ತಡೆಯಲೆಂದೇ ಒಂದು ದಿನ ಹಿಂದೆ ಹೋದೆ.

ಒಳಗೆ ಕತ್ತಲೆಯೇನಿರಲಿಲ್ಲ, ಹಸಿರು ಬೆಳಕಿತ್ತು. ಗಾಳಿ ಮೇಲೆ ಕೂಗುತ್ತಿತ್ತು, ಕೆಳಗೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಮಾವ ಒಂದೊಂದೇ ತೋರಿಸಿದರು. ಹಡಗುಮುಳ್ಳಿನ ಬುಡಕ್ಕೆ ಒರಗಿಕೊಂಡು ಬೆಳೆದ ಜರಿಗಿಡ, ಅದರ ಕೊಂಬೆಗೇ ಸುತ್ತಿಕೊಂಡು ಮೇಲೆ ಹೋದ ನಮ್ಮದೇ ದ್ವೀಪದ ಬಳ್ಳಿ, ಅತ್ತೆ ನರ್ಸರಿಯಲ್ಲಿ ವರ್ಷಗಟ್ಟಲೆ ಒದ್ದಾಡಿಯೂ ಬೆಳೆಸಲಾಗದ ಒಂದು ಹುಲ್ಲು ಅಲ್ಲಿ ತಾನಾಗಿ ಹರಡಿತ್ತು. ಎಲ್ಲ ಚೆನ್ನಾಗಿದೆ ಎಂದು ಹೇಳಲಾರೆ. ಪಕ್ಕದಲ್ಲೇ ಅದೇ ಮುಳ್ಳು ಉಸಿರುಕಟ್ಟಿಸಿ ಒಣಗಿಸಿದ ಗಿಡಗಳೂ ಇದ್ದವು. ಮಾವ ಕಡಿದು ಬಿಡಿಸಿದ ಎಷ್ಟೋ ಗುಡ್ಡಗಳಿಗೆ ಹಕ್ಕಿಗಳು ಮರಳಿವೆ, ಅದು ಸುಳ್ಳಲ್ಲ, ಅದನ್ನೇ ಅವರಿಗೂ ಹೇಳಿದೆ. ಅವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಬೇಲಿ ಅಂತ ತಂದ್ರಲ್ಲ, ಬೇಲಿ ಕೆಲಸಾನೇ ಮಾಡ್ತಿತ್ತು ಇದು,” ಎಂದರು. “ಬಯಲಲ್ಲಿದ್ದಿದ್ದನ್ನೆಲ್ಲ ಮೇಕೆ ತಿಂದ್ವು. ಇದರೊಳಗೆ ಮೇಕೆ ಬರೋಕಾಗ್ಲಿಲ್ಲ. ಅಷ್ಟು ವರ್ಷ ಕಾಯ್ದಿತ್ತು, ನಾನು ಬರೋವರೆಗೂ.” ಮುಳ್ಳಿನ ಒಂದು ಕೊಂಬೆಯನ್ನು ಬಾಗಿಲ ಪರದೆ ಸರಿಸಿದಂತೆ ಮೆಲ್ಲಗೆ ಸರಿಸಿ, ಮತ್ತೆ ಅದರ ಜಾಗಕ್ಕೇ ಬಿಟ್ಟರು. “ಇಷ್ಟು ಗುಡ್ಡ ಕಡಿದಿದ್ದೀನಲ್ಲ ಅಳಿಯಂದ್ರೆ, ಗೊತ್ತಿಲ್ದೆ ಇನ್ನೇನೇನು ಕಡಿದಿದ್ದೀನೋ.”

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮೇಕೆಗಳ ಮೇಲೆ, ಬೇಲಿ ನೆಟ್ಟ ಆ ಪುಣ್ಯಾತ್ಮನ ಮೇಲೆ, ನೆರಳು ಸಿಕ್ಕಿದೊಡನೆ ವೇಷ ಬದಲಿಸಿದ ಆ ಮರದ ಮೇಲೆ. ಇಬ್ಬರೂ ಬ್ರೆಡ್ಡು ತಿಂದು, ನಾನೂ ಅವರ ಜೊತೆ ಸಂಜೆಯವರೆಗೆ ಹುಡುಕಿದೆ. ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ.

ಮುದುಕಿ ಮುಂದಿನ ಬಿರುಗಾಳಿಗೆ ಬಿತ್ತು. ಬಿದ್ದದ್ದು ಸಮುದ್ರಕ್ಕೆ, ಒಂದು ಕಡ್ಡಿಯೂ ಸಿಗಲಿಲ್ಲ. ಅತ್ತೆಯ ಅಡುಗೆಮನೆಯ ಗಾಜಿನ ಹಿಂದಿನ ರೆಂಬೆಯನ್ನು ನೋಡಿದರೆ ಈಗ ಹೆಂಡತಿಗೆ ಹೊಟ್ಟೆಕಿಚ್ಚಿಲ್ಲ. ಅದರ ಧೂಳನ್ನು ಅವಳೇ ಒರೆಸುತ್ತಾಳೆ.

ಅತ್ತೆ ಆ ಕೊರಕಲಿಗೆ ಹೋಗಿರಲೇ ಇಲ್ಲ. ಮಾವ ಕರೆದಿರಲಿಲ್ಲ, ಅವರೂ ಕೇಳಿರಲಿಲ್ಲ. ಈ ಸಲ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ನಾನೂ ಬರುತ್ತೇನೆ ಎಂದು ತಾವೇ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡರು. ಮಂಡಿನೋವಿನ ಹೆಂಗಸು ಇಳಿಜಾರು ಇಳಿಯಬೇಕಲ್ಲ ಎಂದು ನಾನೂ ಜೊತೆಗೆ ಹೋದೆ. ಬೋಳಾದ ಅರ್ಧದಲ್ಲಿ ಹುಲ್ಲು ಬಂದಿತ್ತು. ಬುಡ ಹುಡುಕುವುದು ಕಷ್ಟವಾಗಲಿಲ್ಲ. ಮಳೆಗೆ ನೀಲಿ ಬಹುಪಾಲು ಹೋಗಿತ್ತು, ಅಂಚಿನಲ್ಲಿ ಸ್ವಲ್ಪ ಉಳಿದಿತ್ತು. ಯಾರೋ ಉಗುರಿನಿಂದ ಕೆರೆದ ಗುರುತೂ ಇತ್ತು. ಯಾರೆಂದು ಅತ್ತೆ ಕೇಳಲಿಲ್ಲ, ಮಾವ ಬೇರೆ ಕಡೆ ನೋಡುತ್ತಿದ್ದರು. ಅತ್ತೆ ಅದರ ಪಕ್ಕ ಕೂತು, ಬುಡದ ಮೇಲೆ ಅಂಗೈ ಇಟ್ಟರು. ಒಣಮರ ಅದು, ತಟ್ಟಿದರೆ ಟೊಳ್ಳು ಸದ್ದು.

ಬುಡದ ಪಕ್ಕದಲ್ಲೇ ಒಂದು ಹಡಗುಮುಳ್ಳು ಹುಟ್ಟಿತ್ತು. ಗೇಣುದ್ದ, ಎಳೆಮುಳ್ಳು, ಇನ್ನೂ ಕೈಗೆ ಚುಚ್ಚುವಷ್ಟು ಗಟ್ಟಿಯಾಗಿರಲಿಲ್ಲ. ಜನ್ಮವಿಡೀ ಮಾಡಿದ ಕೆಲಸ, ಮಾವನ ಕೈ ತಾನಾಗಿ ಅದರ ಬುಡಕ್ಕೆ ಹೋಯಿತು. ನನ್ನ ಕೈಯೂ ಹೋಗಿತ್ತು ಅನ್ನಿ.

“ಇರ್ಲಿ ಬಿಡಿ,” ಎಂದರು ಅತ್ತೆ. “ನೆರಳಿಗಾಗತ್ತೆ.”

ಯಾವುದಕ್ಕೆ ನೆರಳು ಎಂದು ಮಾವ ಕೇಳಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡರು.